ಶನಿವಾರದ ಒಂದು ಹಾಳೆ

ಸಂಜೆ ಆರು ಗಂಟೆಗೆ ಬಹಳ ಮನೆಗಳಲ್ಲಿ ಒಂದೇ ಮಾತು ಕೇಳಿಸುತ್ತದೆ. "ರಾತ್ರಿಗೆ ಏನು ಮಾಡ್ಲಿ?" ಸಿಗುವ ಉತ್ತರವೂ ಒಂದೇ. "ಏನಾದ್ರೂ ಮಾಡು." ಆಮೇಲೆ ಏನಾಗುತ್ತೆ ನೋಡಿ. ಫ್ರಿಜ್ ಬಾಗಿಲು ತೆಗೆಯುತ್ತೇವೆ. ಅರ್ಧ ಎಲೆಕೋಸು ಇದೆ, ಎರಡು ಕ್ಯಾರೆಟ್ ಇದೆ, ಟೊಮೆಟೊ ಇಲ್ಲ. ಮಗನನ್ನು ಅಂಗಡಿಗೆ ಕಳಿಸುತ್ತೇವೆ. ಇಪ್ಪತ್ತು ರೂಪಾಯಿ ಟೊಮೆಟೊಗೆ ಹೋದವನು ಬ್ರೆಡ್ಡು, ಚಿಪ್ಸು, ಎರಡು ಪ್ಯಾಕೆಟ್ ನೂಡಲ್ಸ್ ಹಿಡಿದು ಬರುತ್ತಾನೆ. ಅವನ ತಪ್ಪಲ್ಲ. ಅವನಿಗೂ ಹಸಿವು. ಹಸಿದ ಹೊತ್ತಿನಲ್ಲಿ ಅಂಗಡಿಗೆ ಹೋದರೆ ಯಾರ ಕೈಯೂ ಹಿಡಿತಕ್ಕೆ ಬರುವುದಿಲ್ಲ.

ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇಷ್ಟೇ. ಆ ಪ್ರಶ್ನೆಯನ್ನು ಸಂಜೆ ಆರಕ್ಕೆ ಕೇಳಬೇಡಿ. ಶನಿವಾರ ಕೇಳಿ, ಇಡೀ ವಾರಕ್ಕೆ ಒಂದೇ ಸಲ ಕೇಳಿ. ಮೊದಲು ಫ್ರಿಜ್ಜನ್ನು ಕೇಳಿ, ಆಮೇಲೆ ಅಡುಗೆಮನೆಯ ಡಬ್ಬಗಳನ್ನು ಕೇಳಿ, ಕೊನೆಗೆ ಮನೆಯವರನ್ನು ಕೇಳಿ.

ನಾನು ಇಪ್ಪತ್ತಾರು ವರ್ಷ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆದವಳು. ಅಲ್ಲಿ ದಿನದ ಕೊನೆಗೆ ಒಂದು ರೂಪಾಯಿ ವ್ಯತ್ಯಾಸ ಬಂದರೂ ಎದ್ದು ಹೋಗುವ ಹಾಗಿರಲಿಲ್ಲ. ಮನೆಯ ಲೆಕ್ಕವನ್ನೂ ಬರೆಯುತ್ತಿದ್ದೆ. ಹಾಲು, ದಿನಸಿ, ತರಕಾರಿ, ಎಲ್ಲ ಬರೆಯುತ್ತಿದ್ದೆ. ಆದರೆ ಮನೆಗೆ ಬಂದದ್ದನ್ನು ಬರೆದೆನೇ ಹೊರತು ಕಸದ ಬುಟ್ಟಿಗೆ ಹೋದದ್ದನ್ನು ಯಾವತ್ತೂ ಬರೆದಿರಲಿಲ್ಲ. ನಿವೃತ್ತಿಯಾದ ವರ್ಷ, ಒಂದು ತಿಂಗಳು ಅದನ್ನೂ ಬರೆದು ನೋಡೋಣ ಅನ್ನಿಸಿತು. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದೆ, ಪಕ್ಕದಲ್ಲಿ ದಾರ ಕಟ್ಟಿ ಒಂದು ಪೆನ್ನು ತೂಗುಹಾಕಿದೆ.

ಮೊದಲನೇ ದಿನ ಬರೆದದ್ದು ಈಗಲೂ ನೆನಪಿದೆ. ತರಕಾರಿ ಡ್ರಾಯರಿನ ತಳದಲ್ಲಿ ಒಂದು ಕಪ್ಪು ಕವರ್. ಬಿಚ್ಚಿದರೆ ಕೊತ್ತಂಬರಿ ಸೊಪ್ಪು. ಮೇಲಿನ ಎಲೆ ಹಸಿರಾಗಿಯೇ ಇದೆ, ಒಳಗೆ ಬೆರಳು ಹಾಕಿದರೆ ಲೋಳೆ. ಕವರಿನ ಮೂಲೆಯಲ್ಲಿ ಕಂದು ನೀರು ನಿಂತಿದೆ. ಕಟ್ಟಿದ ಬಾಳೆನಾರು ಕೂಡ ಬಿಚ್ಚಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಹೊಸ ಕಟ್ಟು ಇತ್ತು. ಹಳೆಯದು ಇರುವುದು ಗೊತ್ತಿಲ್ಲದೆ ತಂದದ್ದು.

ತಿಂಗಳ ಕೊನೆಗೆ ಹಾಳೆ ತುಂಬಿತ್ತು. ಸೊಪ್ಪು ಏಳು ಸಲ. ಮೇಲೆ ಗುಲಾಬಿ ಬಣ್ಣ ತಿರುಗಿ ವಾಸನೆ ಬಂದ ಕಾಯಿಹೋಳು ಐದು. ಬಾಯಿಗಿಡಲಾರದಷ್ಟು ಹುಳಿಯಾದ ಮೊಸರು. ಮೆತ್ತಗಾದ ಬೀಟ್‌ರೂಟು. ಅನ್ನವಂತೂ ಎರಡು ದಿನಕ್ಕೊಮ್ಮೆ. ಕೊಂಡ ಬೆಲೆ ಹಾಕಿ ಕೂಡಿದೆ. 1,140 ರೂಪಾಯಿ. ವರ್ಷಕ್ಕೆ ಲೆಕ್ಕ ಹಾಕಿ, 13 ಸಾವಿರ ದಾಟುತ್ತದೆ. ನಮ್ಮದು ಐದು ಜನರ ಮನೆ. ಯಾರಿಗೂ ದುಂದಿನ ಅಭ್ಯಾಸವಿಲ್ಲ. ನಮ್ಮತ್ತೆ ಅಕ್ಕಿ ತೊಳೆದ ನೀರನ್ನೂ ಕರಿಬೇವಿನ ಗಿಡಕ್ಕೆ ಹಾಕುವವರು. ಅಂಥ ಮನೆಯಲ್ಲೇ ಇಷ್ಟು.

ಇದು ನಮ್ಮ ಮನೆ ಒಂದರದೇ ಕಥೆಯಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಅಂದಾಜಿನ ಪ್ರಕಾರ, ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕೆ.ಜಿ. ಆಹಾರ ಕಸವಾಗುತ್ತದೆ. ಸಿಪ್ಪೆ, ಬೀಜ ಎಲ್ಲ ಸೇರಿದ ಲೆಕ್ಕ ಅದು. ಆದರೂ 55 ಕೆ.ಜಿ. ಅಂದರೆ ಎರಡು ಮೂಟೆ ಅಕ್ಕಿಯ ತೂಕ, ಅಲ್ವಾ?

ಇನ್ನೊಂದು ಲೆಕ್ಕ ಹೇಳುತ್ತೇನೆ. ಕೇಂದ್ರ ಸರ್ಕಾರ ನಡೆಸಿದ 2023-24ರ ಮನೆಖರ್ಚಿನ ಸಮೀಕ್ಷೆಯಲ್ಲಿ ಹಳ್ಳಿಯವರು ಖರ್ಚು ಮಾಡುವ ನೂರು ರೂಪಾಯಿಯಲ್ಲಿ 47 ರೂಪಾಯಿ ಊಟಕ್ಕೆ ಹೋಗುತ್ತದೆ. ಪೇಟೆಯವರಿಗೆ ಹತ್ತಿರ ಹತ್ತಿರ 40 ರೂಪಾಯಿ. ಆ ನಲವತ್ತರಲ್ಲಿ ಯಾವುದಕ್ಕೆ ಎಲ್ಲಕ್ಕಿಂತ ಜಾಸ್ತಿ? ಅಕ್ಕಿಗಲ್ಲ, ಬೇಳೆಗಲ್ಲ, ಹಾಲಿಗೂ ಅಲ್ಲ. ಪಾನೀಯ, ಕುರುಕಲು ತಿಂಡಿ, ಹೊರಗಿನ ತಯಾರಿ ಆಹಾರ, ಇವಿಷ್ಟಕ್ಕೇ 11 ರೂಪಾಯಿ. ನಾನು ಆಗ ಹೇಳಿದೆನಲ್ಲ, ಸಂಜೆ ಆರರ ಚಿಪ್ಸು, ನೂಡಲ್ಸು, ಅವೆಲ್ಲ ಈ 11 ರೂಪಾಯಿಯ ಒಳಗೆ ಬರುತ್ತವೆ. ತಿನ್ನಬೇಡಿ ಅಂತ ನಾನು ಹೇಳುತ್ತಿಲ್ಲ. ಹೋಟೆಲಿಗೆ ಹೋಗಿ ಮಸಾಲೆದೋಸೆ ತಿನ್ನಬೇಕು ಅನ್ನಿಸಿದರೆ ಖುಷಿಯಾಗಿ ಹೋಗಿ ತಿನ್ನಿ. ಮನೆಯಲ್ಲಿ ಏನೂ ತೋಚಲಿಲ್ಲ ಅನ್ನೋ ಕಾರಣಕ್ಕೆ ಹೊರಗಿನಿಂದ ತರಿಸುವ ಊಟ ಇದೆಯಲ್ಲ, ಅದು ದುಡ್ಡನ್ನೂ ತಿನ್ನುತ್ತದೆ, ಖುಷಿಯನ್ನೂ ಕೊಡುವುದಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ನನ್ನ ತವರು ಹುಣಸೂರಿನ ಕಡೆ. ನಮ್ಮಜ್ಜಿ ಒಂದಕ್ಷರ ಓದಿದವರಲ್ಲ. ಆದರೆ ಅವರಷ್ಟು ಮುಂದಾಲೋಚನೆ ಇಟ್ಟು ಅಡುಗೆಮನೆ ನಡೆಸಿದವರನ್ನು ನಾನು ಇನ್ನೂ ನೋಡಿಲ್ಲ. ಬೇಸಿಗೆ ಬಂತೆಂದರೆ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ. ಹೊಸ ಹುಣಸೆಹಣ್ಣು ಬಂದಾಗ ಬೀಜ ಬಿಡಿಸಿ, ಉಪ್ಪು ಬೆರೆಸಿ, ಮಡಕೆಗೆ ತುಂಬಿಡುತ್ತಿದ್ದರು. ಅವರೆಕಾಯಿ ಕಾಲದಲ್ಲಿ ತಿಂದಷ್ಟು ತಿಂದು, ಉಳಿದದ್ದನ್ನು ಒಣಗಿಸಿ ಕಾಳು ಮಾಡಿಡುತ್ತಿದ್ದರು. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಬೇಕು, ಬೇಳೆಗೆ ಹರಳೆಣ್ಣೆ ಸವರಬೇಕು, ಹುರುಳಿಗೆ ಬೂದಿ ಹಾಕಬೇಕು, ಆಗ ಹುಳ ಬೀಳುವುದಿಲ್ಲ. ರಾಗಿ ನೆಲದೊಳಗಿನ ಹಗೇವಿನಲ್ಲಿ. ಅಕ್ಕಿ ಅಳೆಯಲು ಒಂದು ಹಿತ್ತಾಳೆ ಪಾವು. ಇಷ್ಟು ಜನಕ್ಕೆ ಇಷ್ಟು ಪಾವು ಅಂತ ಲೆಕ್ಕ. ಅಳೆದಾದ ಮೇಲೆ ಬಂದವರಿಗೆ ಇರಲಿ ಅಂತ ಒಂದು ಹಿಡಿ ಜಾಸ್ತಿ. ಆ ಒಂದು ಹಿಡಿಯೂ ಲೆಕ್ಕದ ಒಳಗೇ ಇತ್ತು.

ಅವರದು ವರ್ಷದ ಯೋಜನೆ. ನಾವು ಪೇಟೆಗೆ ಬಂದೆವು, ಅಂಗಡಿ ಬೀದಿ ಕೊನೆಗೆ ಬಂತು. ಈಗ ಫೋನಿನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಬಾಗಿಲಿಗೇ ಬರುತ್ತದೆ. ವರ್ಷದ ಯೋಜನೆ ಬಿಟ್ಟುಹೋಯಿತು, ಅದು ಸಹಜ. ಈಗಿನ ಎರಡು ಕೋಣೆ ಮನೆಯಲ್ಲಿ ಹಗೇವು ಎಲ್ಲಿ ತೋಡುವುದು? ಆದರೆ ಅದರ ಜಾಗಕ್ಕೆ ವಾರದ ಯೋಜನೆಯಾದರೂ ಬರಬೇಕಿತ್ತು. ಬರಲಿಲ್ಲ. ನಮ್ಮ ಕೈಯಿಂದ ದುಡ್ಡು ಸೋರುವ ತೂತು ಇರುವುದು ಅಲ್ಲಿ.

ಈಗ ನಾನು ಮಾಡುವ ರೀತಿ ಹೇಳುತ್ತೇನೆ. ನಿಮ್ಮ ಮನೆಗೆ ಹೊಂದುವ ಹಾಗೆ ಬದಲಾಯಿಸಿಕೊಳ್ಳಿ.

ಶನಿವಾರ ಸಂಜೆ ಕಾಫಿ ಕುಡಿದ ಮೇಲೆ ಅರ್ಧ ಗಂಟೆ. ಮೊದಲ ಹತ್ತು ನಿಮಿಷ ಬರೀ ನೋಡುವುದು. ಫ್ರಿಜ್ಜಿನಲ್ಲಿ ಏನಿದೆ, ಯಾವುದು ಬಾಡುತ್ತಿದೆ, ಡಬ್ಬದಲ್ಲಿ ಯಾವ ಕಾಳು ತಳ ಕಂಡಿದೆ, ಯಾವುದು ಎರಡು ತಿಂಗಳಿಂದ ಮುಟ್ಟದೆ ಕೂತಿದೆ. ಇದನ್ನು ಹಾಳೆಯ ಎಡಗಡೆ ಬರೆಯಿರಿ. ಮೆನು ಬರೆಯುವವರು ಸಾಮಾನ್ಯವಾಗಿ ತಪ್ಪು ಮಾಡುವುದು ಇಲ್ಲೇ. ಸೋಮವಾರ ಪಲಾವ್, ಮಂಗಳವಾರ ಪನೀರ್ ಅಂತ ಬಾಯಿಗೆ ಬಂದದ್ದನ್ನು ಬರೆದು, ಅದಕ್ಕೆ ಬೇಕಾದ್ದನ್ನೆಲ್ಲ ಕೊಂಡು ತರುತ್ತಾರೆ. ಮನೆಯಲ್ಲಿದ್ದ ಎಲೆಕೋಸು ಇದ್ದಲ್ಲೇ ಇರುತ್ತದೆ. ಹಾಗೆ ಮಾಡಿದರೆ ಖರ್ಚು ಇಳಿಯುವ ಬದಲು ಏರುತ್ತದೆ. ಇರುವುದರಿಂದ ಶುರು ಮಾಡಿ, ಇಲ್ಲದ್ದನ್ನು ಆಮೇಲೆ ಸೇರಿಸಿ.

ಆಮೇಲೆ ವಾರವನ್ನು ಕೆಡುವ ಕ್ರಮದಲ್ಲಿ ಜೋಡಿಸಿ. ನಾವು ಭಾನುವಾರ ಬೆಳಿಗ್ಗೆ ತರಕಾರಿ ತರುತ್ತೇವೆ. ಹಾಗಾಗಿ ಭಾನುವಾರ, ಸೋಮವಾರ ಸೊಪ್ಪು. ಮಂಗಳವಾರ, ಬುಧವಾರ ಬೀನ್ಸ್, ಬೆಂಡೆ, ಬದನೆ. ಗುರುವಾರ, ಶುಕ್ರವಾರ ಸೀಮೆಬದನೆ, ಬೂದುಗುಂಬಳ, ಆಲೂಗಡ್ಡೆ. ಶನಿವಾರ ತರಕಾರಿ ಬುಟ್ಟಿ ಖಾಲಿ ಇರಬೇಕು. ಅವತ್ತು ಕಾಳಿನ ಸಾರು, ಗೊಜ್ಜು, ಹಪ್ಪಳ. ಇಷ್ಟು ಒಂದನ್ನೇ ಮಾಡಿದರೂ ಸಾಕು, ಸೊಪ್ಪು ಎಸೆಯುವುದು ಬಹಳ ಮಟ್ಟಿಗೆ ನಿಂತುಹೋಗುತ್ತದೆ. ಸೊಪ್ಪನ್ನು ತಂದ ದಿನವೇ ಬಿಡಿಸಿ, ತೊಳೆಯದೆ, ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವರಿ ಕೊಳೆಯುವುದು ತಪ್ಪುತ್ತದೆ.

ಇನ್ನೊಂದು ವಿಷಯ. ಹಾಳೆಯಲ್ಲಿ "ಟೊಮೆಟೊ ಸಾರು" ಅಂತ ಬರೆಯಬೇಡಿ, "ಸಾರು" ಅಂತ ಬರೆಯಿರಿ. 2023ರ ಜುಲೈ ನೆನಪಿದೆಯಾ? ಟೊಮೆಟೊ ಕೆ.ಜಿ.ಗೆ ನೂರು ದಾಟಿತ್ತು. ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಕ್ರೇಟು ಎರಡು ಸಾವಿರದ ಮೇಲೆ ಹರಾಜಾಯಿತು. ಬೆಳೆದ ರೈತನಿಗೆ ನಾಲ್ಕು ಕಾಸು ಸಿಕ್ಕಿತು ಅನ್ನುವ ಸಮಾಧಾನ ನನಗಿತ್ತು, ಅದೇ ಟೊಮೆಟೊವನ್ನು ರಸ್ತೆಗೆ ಸುರಿದು ಅತ್ತ ದಿನಗಳನ್ನೂ ನೋಡಿದ್ದೇವಲ್ಲ. ಆದರೆ ಆ ತಿಂಗಳು ನಮ್ಮ ಮನೆಯಲ್ಲಿ ಸಾರು ನಿಲ್ಲಲಿಲ್ಲ. ಹುಣಸೆಹಣ್ಣಿನ ಸಾರು, ನಿಂಬೆಹಣ್ಣಿನ ಸಾರು, ಮಜ್ಜಿಗೆ ಹುಳಿ, ಮೆಣಸಿನ ಸಾರು. ನಮ್ಮ ಅಡುಗೆಯಲ್ಲಿ ಹುಳಿಗೆ ಹತ್ತು ದಾರಿಗಳಿವೆ. ಯಾವುದು ಅಗ್ಗವೋ ಆ ವಾರ ಅದು. ಬೇಳೆಗೂ ಹಾಗೆಯೇ. 2024ರಲ್ಲಿ ತೊಗರಿಬೇಳೆ 170, 180 ರೂಪಾಯಿಗೆ ಹೋದಾಗ ನಾವು ವಾರದಲ್ಲಿ ಮೂರು ದಿನ ತೊಗರಿ, ಎರಡು ದಿನ ಹೆಸರುಬೇಳೆ, ಎರಡು ದಿನ ಕಾಳು ಅಂತ ಹಂಚಿಕೊಂಡೆವು. ಆಮೇಲೆ ತೊಗರಿ ಇಳಿಯಿತು, ಆದರೂ ನಾವು ಆ ಹಂಚಿಕೆಯನ್ನು ಬಿಟ್ಟಿಲ್ಲ. ಹುರುಳಿಕಾಳಿನ ರುಚಿ ಮೊಮ್ಮಕ್ಕಳ ವಯಸ್ಸಿನವರಿಗೂ ಹತ್ತಲಿ ಅಂತ.

ಬಸ್ಸಾರಿನ ಬಗ್ಗೆ ಹೇಳದೆ ಈ ಮಾತು ಪೂರ್ತಿಯಾಗುವುದಿಲ್ಲ. ಇಲ್ಲಿರುವ ಬಹಳ ಜನಕ್ಕೆ ಮಾಡುವುದು ಗೊತ್ತು. ಆದರೂ ಲೆಕ್ಕದ ಕಣ್ಣಿನಿಂದ ಒಮ್ಮೆ ನೋಡಿ. ಒಂದು ಪಾತ್ರೆಯಲ್ಲಿ ಅಲಸಂದೆಕಾಳು ಬೇಯಿಸುತ್ತೀರಿ. ಮುಕ್ಕಾಲು ಬೆಂದಾಗ ಅದಕ್ಕೇ ಹೆಚ್ಚಿದ ದಂಟಿನ ಸೊಪ್ಪು, ಉಪ್ಪು. ಬೆಂದ ಮೇಲೆ ಬಸಿಯುತ್ತೀರಿ. ಮೇಲೆ ಉಳಿದ ಕಾಳು, ಸೊಪ್ಪಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಕೆಳಗೆ ಬಸಿದ ನೀರಿಗೆ, ಒಂದು ಹಿಡಿ ಬೆಂದ ಕಾಳು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಹುಣಸೆಹಣ್ಣು, ಸಾರಿನಪುಡಿ ರುಬ್ಬಿ ಹಾಕಿ ಕುದಿಸಿದರೆ ಸಾರು. ಒಂದು ಒಲೆ, ಒಂದು ಪಾತ್ರೆ, ಒಂದು ಕಟ್ಟು ಸೊಪ್ಪು, ಎರಡು ಪದಾರ್ಥ. ಮಧ್ಯಾಹ್ನ ಮುದ್ದೆಗೆ, ರಾತ್ರಿ ಅನ್ನಕ್ಕೆ. ಮಾರನೇ ದಿನ ಕುದಿಸಿದರೆ ರುಚಿ ಇನ್ನೂ ಜಾಸ್ತಿ. ಒಂದರ ಹೊಟ್ಟೆಯಿಂದ ಇನ್ನೊಂದು ಹುಟ್ಟುವ ಇಂಥ ಅಡುಗೆಗಳನ್ನು ವಾರಕ್ಕೆ ಎರಡಾದರೂ ಹಾಳೆಗೆ ಸೇರಿಸಿ. ವಾರದ ಅಡುಗೆ ಯೋಜನೆ ಅಂತ ಈಗ ಏನು ಹೇಳುತ್ತಾರೋ, ನಮ್ಮ ಹಿಂದಿನವರು ಅದನ್ನು ಒಂದೇ ಪಾತ್ರೆಯಲ್ಲಿ ಮಾಡಿ ತೋರಿಸಿದ್ದಾರೆ.

ದೋಸೆಹಿಟ್ಟೂ ಹಾಗೆಯೇ. ನಾಲ್ಕು ಲೋಟ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ತೂಕದಲ್ಲಿ ಅಕ್ಕಿ ಸುಮಾರು 800 ಗ್ರಾಂ, ಬೇಳೆ 200 ಗ್ರಾಂ. ನಮ್ಮ ಬೀದಿ ಅಂಗಡಿಯ ದರದಲ್ಲಿ ಎಲ್ಲ ಸೇರಿ ಎಪ್ಪತ್ತು ರೂಪಾಯಿ ಆಸುಪಾಸು. ಎರಡು ಕೆ.ಜಿ.ಗಿಂತ ಜಾಸ್ತಿ ಹಿಟ್ಟು ಬರುತ್ತದೆ. ಅಷ್ಟೇ ಹಿಟ್ಟನ್ನು ಪ್ಯಾಕೆಟ್‌ನಲ್ಲಿ ತಂದರೆ ಅದರ ಎರಡರಷ್ಟು ದುಡ್ಡು. ರೇಷನ್ ಅಕ್ಕಿ ಬರುವ ಮನೆಗಳಿಗೆ ಇನ್ನೂ ಕಡಿಮೆ, ಆ ಅಕ್ಕಿ ಇಡ್ಲಿ, ದೋಸೆಗೆ ಚೆನ್ನಾಗಿ ಹೊಂದುತ್ತದೆ. ಭಾನುವಾರ ಸಂಜೆ ರುಬ್ಬಿದರೆ ಸೋಮವಾರ ಇಡ್ಲಿ, ಮಂಗಳವಾರ ದೋಸೆ, ಸ್ವಲ್ಪ ಹುಳಿ ಬಂದ ಬುಧವಾರ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ಪಡ್ಡು. ಮೂರು ಬೆಳಗಿನ ಚಿಂತೆ ಮುಗಿಯಿತು. ಬೆಳಿಗ್ಗೆ ಏಳು ಗಂಟೆಯ ಗಡಿಬಿಡಿಯಲ್ಲಿ ಅದಕ್ಕಿಂತ ದೊಡ್ಡ ನೆಮ್ಮದಿ ಇಲ್ಲ.

ತೆಂಗಿನಕಾಯಿ ವಿಚಾರ. 2025ರಲ್ಲಿ ಒಂದು ಕಾಯಿಗೆ 50, 60 ರೂಪಾಯಿ ಕೊಟ್ಟಿದ್ದೇವೆ. ತೆಂಗಿನ ನಾಡಿನಲ್ಲಿ ಇದ್ದುಕೊಂಡು ಕಾಯಿ ಒಡೆಯಲು ಯೋಚಿಸಿದ ವರ್ಷ ಅದು. ಆಗಲೇ ನಾನು ಕಾಯಿಹೋಳಿನ ಲೆಕ್ಕ ಸರಿಮಾಡಿಕೊಂಡದ್ದು. ಕಾಯಿ ಒಡೆದ ದಿನವೇ ಎರಡೂ ಹೋಳು ತುರಿದುಬಿಡುತ್ತೇನೆ. ಅವತ್ತಿಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಒಂದೊಂದು ಹಿಡಿಯಂತೆ ಪುಟ್ಟ ಡಬ್ಬಗಳಿಗೆ ಹಾಕಿ ಫ್ರೀಜರ್‌ನಲ್ಲಿ. ಒಂದು ಡಬ್ಬ ಅಂದರೆ ಒಂದು ದಿನದ ಒಗ್ಗರಣೆ ಪಲ್ಯಕ್ಕೆ. ದೊಡ್ಡ ಡಬ್ಬದಲ್ಲಿ ಒಟ್ಟಿಗೆ ಇಟ್ಟರೆ ಕಲ್ಲಾಗಿ ಕೂರುತ್ತದೆ, ಚಾಕುವಿನಿಂದ ಕೆತ್ತಬೇಕು, ಹಾಗಾಗಿ ಪುಟ್ಟ ಡಬ್ಬ. ಚಟ್ನಿಯ ದಿನಗಳನ್ನು ಹಾಳೆಯಲ್ಲಿ ಅಕ್ಕಪಕ್ಕ ಇಟ್ಟಿದ್ದೇನೆ. ಇಡ್ಲಿ, ದೋಸೆಯ ಎರಡು ದಿನಕ್ಕೆ ಒಂದು ಕಾಯಿ.

ಇನ್ನು ಕೊಳ್ಳುವ ವಿಷಯ. ಹಾಳೆಯ ಬಲಗಡೆ ಬೇಕಾದ ಸಾಮಾನು ಬರೆಯುವಾಗ ಬರೀ ಹೆಸರು ಬರೆಯಬೇಡಿ, ತೂಕವನ್ನೂ ಬರೆಯಿರಿ. "ಬೀನ್ಸ್" ಅಂತ ಬರೆದುಕೊಂಡು ಹೋದರೆ ಒಂದು ಕೆ.ಜಿ. ಬರುತ್ತದೆ. "ಬೀನ್ಸ್ ಅರ್ಧ" ಅಂತ ಬರೆದರೆ ಅರ್ಧವೇ ಬರುತ್ತದೆ. ನಾನು ಮೈಸೂರಿನ ಎಂ.ಜಿ. ರಸ್ತೆ ಮಾರುಕಟ್ಟೆಗೆ ಹೋಗುವ ಮೊದಲು ಹಾಪ್‌ಕಾಮ್ಸ್ ಮಳಿಗೆಯ ದರದ ಬೋರ್ಡನ್ನು ಒಮ್ಮೆ ಓದಿಕೊಂಡು ಹೋಗುತ್ತೇನೆ. ಇವತ್ತು ಯಾವುದರ ಬೆಲೆ ಎಲ್ಲಿದೆ ಅಂತ ಅಂದಾಜು ಸಿಗುತ್ತದೆ. ಆಮೇಲೆ ಗಾಡಿಯವರ ಹತ್ತಿರ ಐದು ರೂಪಾಯಿಗೆ ಜಗ್ಗಾಡುವುದಿಲ್ಲ. ಬಿಸಿಲಲ್ಲಿ ನಿಂತು ಮಾರುವವರ ಹತ್ತಿರ ಉಳಿಸುವ ಐದು ರೂಪಾಯಿ ನನಗೆ ಬೇಡ. ಮನೆಯ ಕಸದ ಬುಟ್ಟಿಯಲ್ಲೇ ಸಾವಿರ ರೂಪಾಯಿ ಬಿದ್ದಿರುವಾಗ ಅದು ನ್ಯಾಯವೂ ಅಲ್ಲ.

ದಿನಸಿಗೆ ಒಂದು ಸಂಗತಿ ತಿಳಿದಿರಲಿ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆ.ಜಿ.ವರೆಗಿನ ಅಕ್ಕಿ, ಬೇಳೆ, ಹಿಟ್ಟಿಗೆ ಶೇಕಡ 5 ಜಿಎಸ್‌ಟಿ ಬಂತು. ಅಂಗಡಿಯವರು ಮೂಟೆಯಿಂದ ಬಿಡಿಯಾಗಿ ತೂಗಿ ಕೊಟ್ಟರೆ ಅದಕ್ಕೆ ಇಲ್ಲ. 26 ಕೆ.ಜಿ. ಅಕ್ಕಿ ಮೂಟೆ ಯಾಕೆ ಬಂತು ಅಂತ ಬಹಳ ಜನ ಕೇಳುತ್ತಾರೆ, ಕಾರಣ ಇದೇ. ಸಂತೇಪೇಟೆಯಲ್ಲಿ ಬಿಡಿ ಬೇಳೆ ತರುವಾಗ ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ ತರಬಹುದು ಅನ್ನೋದು ಇನ್ನೊಂದು ಅನುಕೂಲ. ಪ್ಯಾಕೆಟ್ಟೇ ತರುವುದಾದರೆ ಎಂಆರ್‌ಪಿ ಪಕ್ಕದಲ್ಲಿ ಗ್ರಾಂ ಅಥವಾ ಕೆ.ಜಿ. ಲೆಕ್ಕದ ದರವನ್ನೂ ಅಚ್ಚು ಹಾಕಿರುತ್ತಾರೆ, ಅದನ್ನು ಓದಿ. ದೊಡ್ಡ ಪ್ಯಾಕೆಟ್ಟು ಯಾವಾಗಲೂ ಅಗ್ಗ ಅಂತಿಲ್ಲ.

ಒಮ್ಮೆ ನಾನೂ ಕೈಸುಟ್ಟುಕೊಂಡಿದ್ದೇನೆ. ಒಂದು ದೊಡ್ಡ ಮಳಿಗೆಯಲ್ಲಿ ಒಂದು ಕೊಂಡರೆ ಒಂದು ಉಚಿತ ಅಂತ ಇತ್ತು, ಎಂಟು ಕೆ.ಜಿ. ರವೆ ತಂದೆ. ಮಳೆಗಾಲ. ಮೂರನೇ ವಾರಕ್ಕೆ ಡಬ್ಬದ ಮುಚ್ಚಳದ ಅಂಚಿನಲ್ಲಿ ಸಣ್ಣ ಬಲೆ ಕಟ್ಟಿತ್ತು. ಒಂದು ಚಮಚ ತೆಗೆದು ತಟ್ಟೆಗೆ ಹರಡಿದರೆ ರವೆ ತಾನೇ ಅಲುಗುತ್ತಿದೆ. ಜರಡಿ ಹಿಡಿದು, ಬಿಸಿಲಿಗೆ ಹಾಕಿ, ಎರಡು ದಿನ ಒದ್ದಾಡಿ ಕೊನೆಗೆ ಐದು ಕೆ.ಜಿ. ಎಸೆದೆವು. ಅವತ್ತಿನಿಂದ ರವೆ ಒಂದು ಕೆ.ಜಿ.ಗಿಂತ ಜಾಸ್ತಿ ತರುವುದಿಲ್ಲ, ತಂದ ಕೂಡಲೇ ಹುರಿದು ಇಡುತ್ತೇನೆ. ನಿಮ್ಮ ಮನೆಯಲ್ಲಿ ಒಂದು ತಿಂಗಳಿಗೆ ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ ಕಡಿಮೆ ಬೆಲೆ ಲಾಭ. ಅದರ ಮೇಲಿನದ್ದು ಹುಳದ ಪಾಲು.

ಇಷ್ಟು ಹೇಳುವ ಹೊತ್ತಿಗೆ, ಹೋದ ತಿಂಗಳು ಇನ್ನೊಂದು ಕಡೆ ಇದೇ ವಿಷಯ ಮಾತಾಡಿದಾಗ ಒಬ್ಬ ತಾಯಿ ಎದ್ದು ನಿಂತರು. ಗಾರೆ ಕೆಲಸಕ್ಕೆ ಹೋಗುವವರು. "ಅಕ್ಕ, ನೀವು ಹೇಳೋದು ಸರಿ. ನಮಗೆ ಕೂಲಿ ಬಂದ ದಿನ ಸಾಮಾನು. ಕಾಲು ಕೆ.ಜಿ. ಬೇಳೆ, ಐವತ್ತು ರೂಪಾಯಿ ಎಣ್ಣೆ. ವಾರದ್ದೆಲ್ಲಾ ಒಂದೇ ಸಲ ತರೋಕೆ ದುಡ್ಡು ಎಲ್ಲಿಂದ ತರ್ಲಿ?" ಅಂದರು. ನಾನು ಸ್ವಲ್ಪ ಹೊತ್ತು ಸುಮ್ನೆ ನಿಂತೆ. ಅವರು ಹೇಳಿದ್ದು ಸತ್ಯ. ಕಾಲು ಕಾಲು ಕೆ.ಜಿ. ಕೊಳ್ಳುವವರು ಕೆ.ಜಿ. ಲೆಕ್ಕದಲ್ಲಿ ನಮಗಿಂತ ಜಾಸ್ತಿ ಕೊಡುತ್ತಾರೆ. ಕೈಯಲ್ಲಿ ಕಾಸು ಕಡಿಮೆ ಇದ್ದವರಿಗೇ ಸಾಮಾನು ದುಬಾರಿ. ಇದು ಅವರ ಯೋಜನೆಯ ಕೊರತೆಯಲ್ಲ. ಯೋಜನೆ ಮಾಡದೆ ಅವರ ಒಂದು ದಿನವೂ ನಡೆಯುವುದಿಲ್ಲ.

ಉತ್ತರ ಕೊಟ್ಟವರು ನಾನಲ್ಲ, ಅದೇ ಸಭೆಯಲ್ಲಿದ್ದ ಸ್ವಸಹಾಯ ಸಂಘದ ಹೆಂಗಸರು. ಅವರ ಸಂಘದಲ್ಲಿ ಆರು ಮನೆಯವರು ಸೇರಿಕೊಂಡಿದ್ದಾರಂತೆ. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದಾಗ ಎಲ್ಲರೂ ಇಷ್ಟಿಷ್ಟು ಅಂತ ಹಾಕಿ, ಬೇಳೆ, ಎಣ್ಣೆ, ಬೆಲ್ಲ, ಮೆಣಸಿನಕಾಯಿ ಸಗಟು ಅಂಗಡಿಯಿಂದ ಒಟ್ಟಿಗೆ ತಂದು, ಒಬ್ಬರ ಮನೆ ಜಗಲಿಯಲ್ಲಿ ತಕ್ಕಡಿ ಇಟ್ಟು ಪಾಲು ಮಾಡಿಕೊಳ್ಳುತ್ತಾರೆ. ದುಡ್ಡು ತಡವಾಗಿ ಬಂದ ತಿಂಗಳು ಸಂಘದ ಉಳಿತಾಯದಿಂದ ತೆಗೆದು, ಆಮೇಲೆ ತುಂಬುತ್ತಾರೆ. ಖಾರದಪುಡಿಯನ್ನೂ ಒಟ್ಟಿಗೇ ಗಿರಣಿಗೆ ಒಯ್ಯುತ್ತಾರಂತೆ. ಇದನ್ನು ಕೇಳಿ ನನಗೆ ಬಹಳ ಸಂತೋಷವಾಯಿತು. ನಮ್ಮ ಬಡಾವಣೆಯಲ್ಲೂ ಯಾಕೆ ಆಗಬಾರದು? ಒಬ್ಬರೇ ಇರುವ ವಯಸ್ಸಾದವರು ಇದ್ದಾರೆ, ಬಾಡಿಗೆ ಕೋಣೆಯಲ್ಲಿರುವ ಹುಡುಗಿಯರು ಇದ್ದಾರೆ. ಅವರಿಗೆ ಒಂದು ಇಡೀ ಎಲೆಕೋಸು ಜಾಸ್ತಿ. ಎರಡು ಮನೆ ಸೇರಿ ಒಂದು ತಂದರೆ ಆಯಿತು.

ಗಂಡ, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳ ಪ್ರಶ್ನೆಯೂ ಬಂದಿದೆ. ನಮ್ಮ ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು, ಹಾಗಾಗಿ ಕಂಡು ಹೇಳುತ್ತಿದ್ದೇನೆ. ಅಡುಗೆ ಮಾಡುವ ಶ್ರಮಕ್ಕಿಂತ "ಏನು ಮಾಡುವುದು" ಅಂತ ದಿನಾ ಯೋಚಿಸುವ ಶ್ರಮ ದೊಡ್ಡದು. ಆ ಭಾರ ಸುಮ್ಮನೆ ಮನೆಯ ಹೆಂಗಸಿನ ತಲೆಗೆ ಬಂದು ಕೂತಿರುತ್ತದೆ. ಹಾಳೆ ಗೋಡೆಗೆ ಬಂದ ಮೇಲೆ ಆ ಯೋಚನೆ ತಲೆಯಿಂದ ಇಳಿಯಿತು. ಯಾರು ಮೊದಲು ಮನೆಗೆ ಬರುತ್ತಾರೋ ಅವರು ಹಾಳೆ ನೋಡಿ ಕಾಳು ಕುಕ್ಕರಿಗೆ ಹಾಕುತ್ತಾರೆ. ಬೆಳಿಗ್ಗೆ ಕಾಳು ನೆನೆಹಾಕುವುದು ನನ್ನ ಯಜಮಾನರ ಕೆಲಸ, ಅವರಿಗೆ ಎಪ್ಪತ್ತೆರಡು ವರ್ಷ. ಹಾಳೆಯಲ್ಲಿ ಆ ಕಾಳಿನ ಹೆಸರಿನ ಮುಂದೆ ಒಂದು ಚುಕ್ಕಿ ಇದ್ದರೆ ನೆನೆಹಾಕಬೇಕು ಅಂತ ಅರ್ಥ. ಒಂದು ದಿನವೂ ಮರೆತಿಲ್ಲ.

ಹಾಳೆ ಬರೆದ ಮೇಲೆ ಅದನ್ನು ಕಲ್ಲಿನ ಶಾಸನ ಮಾಡಿಕೊಳ್ಳಬೇಡಿ. ಬುಧವಾರ ನೆಂಟರು ಬರಬಹುದು. ಗೌರಿ ಹಬ್ಬದ ವಾರ ಹೂವು, ಹಣ್ಣಿನ ಬೆಲೆ ಏರುತ್ತದೆ, ಕಡಲೆಬೇಳೆ, ಬೆಲ್ಲ ಹದಿನೈದು ದಿನ ಮೊದಲೇ ತಂದಿಟ್ಟರೆ ಒಳ್ಳೆಯದು. ಮಗುವಿಗೆ ಜ್ವರ ಬಂದರೆ ಗಂಜಿಯೇ ಆ ದಿನದ ಅಡುಗೆ. ಅದಲುಬದಲು ಮಾಡಿ, ಗೆರೆ ಎಳೆದು ಬರೆಯಿರಿ. ವಾರದಲ್ಲಿ ಒಂದು ಹೊತ್ತು ಖಾಲಿ ಬಿಡಿ. ಉಳಿದದ್ದೆಲ್ಲ ಆ ಹೊತ್ತಿಗೆ. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನ ಆಗಬೇಕಾದರೆ ರಾತ್ರಿಯೇ ಫ್ರಿಜ್ಜಿಗೆ ಹೋಗಿರಬೇಕು, ಒಲೆಯ ಪಕ್ಕದಲ್ಲಿ ಬಿಡಬಾರದು.

ನಮ್ಮ ಮನೆಯಲ್ಲಿ ಆರು ತಿಂಗಳು ಹೀಗೆ ಮಾಡಿದ ಮೇಲೆ ಮತ್ತೆ ಒಂದು ತಿಂಗಳು ಕಸದ ಲೆಕ್ಕ ಬರೆದೆ. 1,140 ಇದ್ದದ್ದು 210ಕ್ಕೆ ಬಂದಿತ್ತು. ಅದರಲ್ಲೂ 60 ರೂಪಾಯಿ ಒಂದು ಕೆಟ್ಟ ಕಲ್ಲಂಗಡಿಯದು, ಅದು ಕೊಯ್ಯುವವರೆಗೂ ಗೊತ್ತಾಗುವಂಥದ್ದಲ್ಲ. ಹೊರಗಿನಿಂದ ತರಿಸುವುದು ವಾರಕ್ಕೆ ಮೂರು ಸಲ ಇದ್ದದ್ದು ಒಂದಕ್ಕೆ ಇಳಿಯಿತು. ಆ ಉಳಿದ ದುಡ್ಡಿನಲ್ಲಿ ಅತ್ತೆಗೆ ದಿನಾ ಒಂದು ಹಣ್ಣು ತರುತ್ತಿದ್ದೇವೆ.

ಈ ವಾರದ ಹಾಳೆಯನ್ನು ತಂದಿದ್ದೇನೆ, ಓದುತ್ತೇನೆ. ಭಾನುವಾರ ದಂಟಿನ ಸೊಪ್ಪಿನ ಬಸ್ಸಾರು, ಪಲ್ಯ, ಮುದ್ದೆ, ಸಂಜೆ ಹಿಟ್ಟು ರುಬ್ಬುವುದು. ಸೋಮವಾರ ಇಡ್ಲಿ, ಮೆಂತ್ಯಸೊಪ್ಪು ಹಾಕಿದ ಹೆಸರುಬೇಳೆ ತೊವ್ವೆ. ಮಂಗಳವಾರ ದೋಸೆ, ಬೀನ್ಸ್ ಪಲ್ಯ, ತಿಳಿಸಾರು. ಬುಧವಾರ ಪಡ್ಡು, ಬದನೆಕಾಯಿ ಹುಳಿ. ಗುರುವಾರ ಉಪ್ಪಿಟ್ಟು, ಸೀಮೆಬದನೆ ಕೂಟು. ಶುಕ್ರವಾರ ಅವಲಕ್ಕಿ, ಬೂದುಗುಂಬಳದ ಮಜ್ಜಿಗೆ ಹುಳಿ, ರಾತ್ರಿ ಉಳಿದದ್ದು. ಶನಿವಾರ ಚಿತ್ರಾನ್ನ, ಹುರುಳಿಕಾಳು ಸಾರು, ಹಪ್ಪಳ. ಹುರುಳಿಕಾಳಿನ ಮುಂದೆ ಚುಕ್ಕಿ ಇದೆ.

ಶನಿವಾರ ರಾತ್ರಿಯ ಜಾಗವನ್ನು ನಾನು ಬರೆದಿರಲಿಲ್ಲ. ಇವತ್ತು ಬೆಳಿಗ್ಗೆ ಹಾಳೆ ಬಿಚ್ಚಿಕೊಂಡು ಬರುವಾಗ ನೋಡಿದರೆ ಅಲ್ಲಿ ಮಗನ ಅಕ್ಷರ ಇದೆ. "ಅಕ್ಕಿರೊಟ್ಟಿ. ನಾನು ಮಾಡ್ತೀನಿ. ಅವರೆಕಾಳು ಕಾಲು ಕೆ.ಜಿ. ತನ್ನಿ."